ಎಮ್ಮೆಗಾಗಿ ಶಾಕಪ್ ಬಿಚ್ಚಿದ ಇಪ್ಪತ್ತೊಂದು ದಿನ

“ನಿಮ್ಮ ಸೂಜಿ ಸತ್ತಾವ್ರಿ ಡಾಕ್ಟ್ರ,” ಎಂದಳು ಸಗರದ ಎಮ್ಮೆಯ ಒಡತಿ. ಕಂಕುಳಲ್ಲಿದ್ದ ಮೇವಿನ ಸಿವುಡು ಇಳಿಸಲಿಲ್ಲ, ನನಗೆ ಕುಳಿತುಕೊಳ್ಳಲೂ ಹೇಳಲಿಲ್ಲ. “ಮೂರು ಸಲ ಹಾಕಿದ್ರಿ, ಮೂರು ಸಲನೂ ಹೊಳ್ಳಿ ಬೆದಿಗಿ ಬಂತು. ಇವತ್ತ ಮತ್ತ ಒದರಾಕತ್ತದ. ಎಮ್ಮಿ ಚಲೋ ಅದ, ನಿಮ್ಮ ಮಾಲೇ ಸತ್ತದ. ಇನ್ನೊಂದು ಸಲ ನೋಡ್ತೀನಿ. ನಿಲ್ಲಲಿಲ್ಲಂದ್ರ ಸಂತಿಗಿ ಹೊಡೀತೀನಿ.”

ನಾನು ಡಾಕ್ಟರ್ ಅಲ್ಲ. ಬೈಕಿನ ಮೇಲೆ ಹಳ್ಳಿ ಹಳ್ಳಿಗೆ ಹೋಗಿ ಆಕಳು, ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವವನು. ಜನ ಅದನ್ನು ಸೂಜಿ ಹಾಕುವುದು ಎನ್ನುತ್ತಾರೆ, ಹಾಕುವವನನ್ನು ಡಾಕ್ಟರ್ ಎನ್ನುತ್ತಾರೆ. ಎರಡೂ ತಪ್ಪು. ಎರಡನೆಯದು ಕಿವಿಗೆ ಹಿತವಾಗಿರುವುದರಿಂದ ನಾನು ತಿದ್ದಲು ಹೋಗಿಲ್ಲ. ಮನೆ ಶಹಾಪುರದಲ್ಲಿ. ಸಗರದ ಕಡೆಯ ಹಳ್ಳಿಗಳು, ಸುರಪುರದ ದಾರಿಯ ಹಳ್ಳಿಗಳು ನನ್ನ ಪಾಲಿಗೆ. ಹೋರಿ, ಕೋಣಗಳ ವೀರ್ಯ ತುಂಬಿದ ಸಣ್ಣ ನಳಿಗೆಗಳು ಮೂರು ಲೀಟರಿನ ಒಂದು ಕ್ಯಾನಿನಲ್ಲಿ, ದ್ರವ ನೈಟ್ರೋಜನ್ನಿನಲ್ಲಿ ಮುಳುಗಿರುತ್ತವೆ. ಮುಳುಗಿರುವ ತನಕ ಅವುಗಳಲ್ಲಿ ಜೀವ. ನೈಟ್ರೋಜನ್ ಇಳಿದು ನಳಿಗೆಗಳು ಮೇಲೆ ಕಂಡವೋ, ಕಥೆ ಮುಗಿಯಿತು. ಸತ್ತ ನಳಿಗೆಯೂ ಬದುಕಿದ ನಳಿಗೆಯೂ ಕಣ್ಣಿಗೆ ಒಂದೇ ತರ ಕಾಣುತ್ತವೆ ಎಂಬುದೇ ಈ ಕೆಲಸದ ದೊಡ್ಡ ತಲೆನೋವು.

ಅವಳ ಮಾತಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಅವಳ ಕೊಟ್ಟಿಗೆಯ ಮುಂದೆ ಕ್ಯಾನಿನ ಹೊದಿಕೆ ಬಿಚ್ಚಿದೆ. ಕುತ್ತಿಗೆಯ ಸುತ್ತ, ಹೊರಮೈ ಮೇಲೆ ತೆಳ್ಳಗೆ ಮಂಜು ಕಟ್ಟಿತ್ತು. ಒಳಗಿನ ಚಳಿ ಹೊರಗೆ ಸೋರುತ್ತಿದೆ ಎಂದು ಅದರ ಅರ್ಥ. ಮುಚ್ಚಳ ತೆಗೆದು ನೋಡಿದರೆ ತಳದಲ್ಲಿ ಒಂದಿಷ್ಟು ಮಾತ್ರ ಉಳಿದಿತ್ತು. ಸಿಟ್ಟು ಹೋಗಿ ನಾಚಿಕೆ ಬಂತು.

“ಇವತ್ತ ಹಾಕೂದಿಲ್ರಿ ಯಕ್ಕಾ,” ಎಂದೆ. “ನೀವು ಹೇಳಿದ್ದು ಖರೆ. ಇನ್ನ ಇಪ್ಪತ್ತೊಂದು ದಿನಕ್ಕ ಮತ್ತ ಬೆದಿಗಿ ಬರ್ತದ. ಅವತ್ತ ಹಾಕ್ತೀನಿ. ನಿಲ್ಲಲಿಲ್ಲಂದ್ರ ನಿಮ್ಮ ಎಮ್ಮಿ ಸಂತಿಗಿ ಹೋಗ್ಲಿ, ನಾನೂ ಸಗರದ ದಾರಿ ಬಿಡ್ತೀನಿ.”

ಹೀಗೆ ಆವೇಶದಲ್ಲಿ ಮಾತು ಕೊಡುವುದು ನನ್ನ ಹಳೆಯ ಚಾಳಿ. ಕೊಟ್ಟ ಮೇಲೆ ರಾತ್ರಿಯೆಲ್ಲ ಹೊರಳಾಡುವುದೂ ಅಷ್ಟೇ ಹಳೆಯದು.

ಮರುದಿನ ನಮಗೆ ನಳಿಗೆ, ನೈಟ್ರೋಜನ್ ಕೊಡುವ ಕೇಂದ್ರದಲ್ಲಿ ಕ್ಯಾನು ನೋಡಿದ ಅಧಿಕಾರಿಗಳು ಹೇಳಿದರು, “ಒಳಗ ಕುತ್ತಿಗಿ ಸೀಳ್ಯಾದ. ಇದು ರಸ್ತಾದಾಗ ಕುಟ್ಟಿಸ್ಕೊಂಡು ಕುಟ್ಟಿಸ್ಕೊಂಡು ಆಗಿದ್ದು. ಗಾಡಿ ಓಡಸ್ತೀರೋ, ಖಾರ ಕುಟ್ಟತೀರೋ?” ಹೊಸ ಕ್ಯಾನು ಕೊಟ್ಟರು. ಕೊಡುವಾಗ, ಇನ್ನೊಂದು ಕೇಳಬೇಡಿ ಎಂದೂ ಹೇಳಿದರು.

ಒಳಗೆ ಎಷ್ಟಿದೆ ಎಂದು ತಿಳಿಯಲು ನಮ್ಮ ಬಳಿ ಒಂದು ಕಪ್ಪು ಕಡ್ಡಿ ಇರುತ್ತದೆ. ಅದನ್ನು ತಳದ ತನಕ ಇಳಿಸಿ, ಹತ್ತು ಎಣಿಸಿ, ಹೊರಗೆ ತೆಗೆದು ಗಾಳಿಯಲ್ಲಿ ಬೀಸಿದರೆ, ಮುಳುಗಿದ್ದಷ್ಟು ಉದ್ದಕ್ಕೂ ಬೆಳ್ಳಗೆ ಹಿಮ ಕೂರುತ್ತದೆ. ಹೊಸ ಕ್ಯಾನನ್ನು ಎರಡು ದಿನ ಮನೆಯಲ್ಲೇ ಇಟ್ಟು ಅಳೆದೆ. ಗೆರೆ ಇಳಿದದ್ದು ಗೊತ್ತಾಗದಷ್ಟು. ಮೂರನೆಯ ದಿನ ಯಾದಗಿರಿಯ ಡಾಂಬರು ರಸ್ತೆಯಲ್ಲಿ ಮುದನಾಳದ ತನಕ ಹೋಗಿ ಬಂದೆ. ಅರ್ಧ ಬೆರಳು ಇಳಿದಿತ್ತು. ನಾಲ್ಕನೆಯ ದಿನ ಸಗರದ ಕಾಲುವೆ ದಂಡೆಯ ದಾರಿ. ಎರೆಮಣ್ಣಿನಲ್ಲಿ ಟ್ರ್ಯಾಕ್ಟರು ತುಳಿದ ಗಾಲಿಜಾಡು ಒಣಗಿ ಕಲ್ಲಾಗಿ ನಿಂತ ದಾರಿ ಅದು. ಸಂಜೆ ಅಳೆದರೆ ಪೂರ್ತಿ ಎರಡು ಬೆರಳು ಹೋಗಿತ್ತು. ಕುಲುಕಿದಷ್ಟೂ ನೈಟ್ರೋಜನ್ ಆವಿಯಾಗುತ್ತದೆ, ಕುಟ್ಟಿದಷ್ಟೂ ಕುತ್ತಿಗೆಗೆ ಪೆಟ್ಟು. ಈ ಕ್ಯಾನೂ ಹೋದರೆ ಎಮ್ಮೆಯೂ ಹೋಯಿತು, ನನ್ನ ಹೆಸರೂ ಹೋಯಿತು. ರಸ್ತೆ ಸರಿ ಮಾಡಿಸುವ ಶಕ್ತಿ ನನಗಿಲ್ಲ. ಗಾಡಿ ನನ್ನದೇ.

ಗಾಡಿಯನ್ನು ಎಂಟು ವರ್ಷದಲ್ಲಿ ಮೊದಲ ಸಲ ಸರಿಯಾಗಿ ನೋಡಿದೆ. ನಮ್ಮ ಕಡೆ ಹೊಸ ಬೈಕು ತಂದ ದಿನ ಮೂರು ಕೆಲಸ ಆಗಲೇಬೇಕು: ಗುಡಿಗೆ ಹೋಗಿ ಪೂಜೆ, ಗಾಲಿಯ ಕೆಳಗೆ ಲಿಂಬೆಹಣ್ಣು, ಕುಲುಕಾಟ ತಡೆಯುವ ಹಿಂದಿನ ಎರಡೂ ಶಾಕಪ್ಪುಗಳನ್ನು ತಿರುವಿ ಕೊನೆಯ ಮೆಟ್ಟಿಲಿಗೆ ಏರಿಸುವುದು. ಶಾಕಪ್ಪಿನ ಸ್ಪ್ರಿಂಗನ್ನು ಬಿಗಿ, ಸಡಿಲ ಮಾಡಲು ಐದು ಮೆಟ್ಟಿಲು ಇರುತ್ತವೆ. ಮೊದಲ ನಾಲ್ಕು ಯಾಕಿವೆ ಎಂದು ಯಾರೂ ಕೇಳುವುದಿಲ್ಲ. ಹಿಂದೆ ಇಬ್ಬರು ಕೂರುತ್ತಾರೆ, ನಡುವೆ ಒಂದು ಚೀಲ ಇರುತ್ತದೆ, ಆದ್ದರಿಂದ ಐದು. ನನ್ನ ಗಾಡಿಯೂ ಹುಟ್ಟಿದಾಗಿನಿಂದ ಐದರಲ್ಲೇ ನಿಂತಿತ್ತು. ಅದರ ತುದಿಯ ಕ್ಯಾರಿಯರ್ ಮೇಲೆ, ಎಲ್ಲಕ್ಕಿಂತ ಹೆಚ್ಚು ಒದೆಯುವ ಜಾಗದಲ್ಲಿ, ಟ್ಯೂಬಿನ ಪಟ್ಟಿ ಬಿಗಿದು ನಾನು ಕ್ಯಾನು ಕಟ್ಟುತ್ತಿದ್ದೆ.

ಬಸ್ ಸ್ಟ್ಯಾಂಡಿನ ಹತ್ತಿರದ ಮೆಕ್ಯಾನಿಕ್ ಬಳಿ ಹೋದೆ. ಗಾಡಿ ಒತ್ತಿ ನೋಡಿ, “ಮುಂದಿನ ಶಾಕಪ್ಪಿಗಿ ಜರಾ ದಪ್ಪನ್ನ ಆಯಿಲ್ ಹಾಕ್ತೀನ್ರಿ. ಕಲ್ಲಾಗ್ತದ,” ಎಂದ.

“ಕಲ್ಲು ಬ್ಯಾಡಪಾ, ಮೆತ್ತಗ ಬೇಕು.”

“ಮೆತ್ತಗ?” ಎಂದು ನಕ್ಕ. “ಮೆತ್ತಗ ಬೇಕಂದ್ರ ಹಾಸಿಗಿ ಮಾಡವ್ರ ಕಡೆ ಹೋಗ್ರಿ.” ನಾನೇ ಮನೆಯಲ್ಲಿ ಬಿಚ್ಚುತ್ತೇನೆ ಎಂದಾಗ ನಗು ಇನ್ನೂ ಜೋರಾಯಿತು. “ದನಕ್ಕ ಕೈ ಹಾಕವ್ರು ಶಾಕಪ್ಪಿಗಿ ಯಾಕ್ ಕೈ ಹಾಕ್ತೀರಿ ಡಾಕ್ಟ್ರ?”

ಆ ಮಾತಿಗೆ ಉತ್ತರ ದಾರಿಯಲ್ಲಿ ಹೊಳೆಯಿತು. ದನಕ್ಕೆ ಕೈ ಹಾಕುವವನು ಕಣ್ಣಿಗೆ ಕಾಣದ್ದನ್ನು ಬೆರಳಿನಲ್ಲಿ ನೋಡುತ್ತಾನೆ. ಅವನಿಗೆ ಶಾಕಪ್ಪು ಯಾವ ಲೆಕ್ಕ? ಹೊಳೆದದ್ದೇ ತಡ, ಹಿಂದಿನ ಗಾಲಿಗೆ ಹೊಸ ಜೋಡಿ ಶಾಕಪ್ಪು, ಮುಂದಿನದಕ್ಕೆ ತೆಳುವಾದ ಫೋರ್ಕ್ ಆಯಿಲ್, ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಸೀಲುಗಳು, ಎಲ್ಲ ತರಿಸಿದೆ. ಪಾರ್ಸಲ್ ಬಂದಾಗ ಎಂಟು ದಿನ ಕಳೆದಿದ್ದವು. ಉಳಿದದ್ದು ಹದಿಮೂರು.

ಒಂಬತ್ತನೆಯ ದಿನ ಬೆಳಿಗ್ಗೆ ಅಂಗಳದ ಫರಸಿಯ ಮೇಲೆ ಹಳೆಯ ಚಾದರ ಹಾಸಿ ಕೆಲಸಕ್ಕೆ ಕುಳಿತೆ. ಎಂಜಿನ್ನಿನ ಕೆಳಗೆ ಮರದ ತುಂಡು ಕೊಟ್ಟು ಮುಂಗಾಲಿ ಎತ್ತಿದೆ. ಮುಂಗಾಲಿಯನ್ನು ಹಿಡಿದಿರುವ ಫೋರ್ಕಿನ ಎರಡೂ ಕಾಲುಗಳನ್ನು ಗಾಡಿಯಿಂದ ಬಿಡಿಸುವ ಮೊದಲೇ ಅವುಗಳ ತಲೆಯ ಬೋಲ್ಟುಗಳನ್ನು ಸಡಿಲ ಮಾಡಿಕೊಳ್ಳಬೇಕು. ಬಿಡಿಸಿದ ಮೇಲೆ ಹಿಡಿಯಲು ಜಾಗವಿರುವುದಿಲ್ಲ. ನಾನು ಒಂದನ್ನು ಸಡಿಲ ಮಾಡಿ ಇನ್ನೊಂದನ್ನು ಮರೆತು, ಕೊನೆಗೆ ಅದನ್ನು ಮತ್ತೆ ಗಾಡಿಗೆ ಸಿಗಿಸಿ ತಿರುಗಿಸಿದೆ. ಕವುಚಿ ಹಿಡಿದಾಗ ಒಳಗಿನಿಂದ ಬಂದದ್ದು ಎಂಜಿನ್ನಿಗೆ ಹಾಕುವ ಎಣ್ಣೆ. ಕಾಡಿಗೆಯಂತೆ ಕಪ್ಪಾಗಿ, ನಾಲ್ಕೈದು ವರ್ಷದ ಲೋಹದ ಪುಡಿ ಸೇರಿ ಗಟ್ಟಿಯಾಗಿತ್ತು. ಹಿಂದೆಂದೋ ಯಾರೋ ಕಲ್ಲು ಮಾಡಿಕೊಟ್ಟಿದ್ದರು. ನಾನೇ ಹಣ ಕೊಟ್ಟು ಮಾಡಿಸಿಕೊಂಡಿದ್ದೆ ಎಂದೂ ನೆನಪಾಯಿತು.

ಹೊಸ ಎಣ್ಣೆ ಎರಡೂ ಕಾಲುಗಳಲ್ಲಿ ಒಂದೇ ಮಟ್ಟಕ್ಕೆ ನಿಲ್ಲಬೇಕು. ಅಂಗಡಿಗಳಲ್ಲಿ ಅದಕ್ಕೆ ಬೇರೆ ಸಾಧನ ಇರುತ್ತದಂತೆ. ನನ್ನ ಚೀಲದಲ್ಲಿ ದನಗಳಿಗೆ ಔಷಧ ಕೊಡುವ ದೊಡ್ಡ ಸಿರಿಂಜ್ ಇತ್ತು, ಸೂಜಿ ಹಾಕುವಾಗ ನಳಿಗೆ ಇಡುವ ಉಕ್ಕಿನ ಗನ್ನಿಗೆ ತೊಡಿಸುವ ಉದ್ದನೆಯ ಪ್ಲಾಸ್ಟಿಕ್ ಕೊಳವೆಗಳಿದ್ದವು. ಒಂದು ಕೊಳವೆಯನ್ನು ಬೇಕಾದ ಅಳತೆಗೆ ಕತ್ತರಿಸಿ, ಸಿರಿಂಜಿಗೆ ಸಿಗಿಸಿ, ಫೋರ್ಕಿನ ಬಾಯಿಂದ ಒಳಗೆ ಬಿಟ್ಟೆ. ಎಣ್ಣೆ ಜಾಸ್ತಿ ಹಾಕಿ ಮೇಲಿನದ್ದನ್ನು ಎಳೆದುಕೊಳ್ಳುವುದು. ಕೊಳವೆ ಗಾಳಿ ಎಳೆಯತೊಡಗಿದರೆ ಮಟ್ಟ ಸರಿಯಾಯಿತು ಎಂದು ಅರ್ಥ. ಎರಡೂ ಕಾಲು ಒಂದು ಹನಿಯ ವ್ಯತ್ಯಾಸವಿಲ್ಲದೆ ನಿಂತವು. ಮೆಕ್ಯಾನಿಕ್ ಪಕ್ಕದಲ್ಲಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆ ಜಂಬ ಒಂದು ದಿನವೂ ಉಳಿಯಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಎಡಗಾಲಿನಿಂದ ಎಣ್ಣೆ ಸೋರಿ ಫರಸಿಯ ಮೇಲೆ ಇಳಿದಿತ್ತು. ಸೀಲನ್ನು ಫೋರ್ಕಿನ ಕೊಳವೆಗೆ ತೊಡಿಸುವಾಗ ಅಂಚಿಗೆ ತಾಗಿ ಅದರ ತುಟಿ ಹರಿದಿತ್ತು. ಇನ್ನೊಂದು ಜೋಡಿ ಸೀಲು ಶಹಾಪುರದಲ್ಲಿ ಸಿಗಲಿಲ್ಲ. ಸುರಪುರಕ್ಕೆ ಬಸ್ಸಿನಲ್ಲಿ ಹೋಗಿ ತಂದೆ. ಈ ಸಲ ಹಾಲಿನ ಪ್ಯಾಕೆಟ್ಟನ್ನು ಕತ್ತರಿಸಿ ಕೊಳವೆಯ ಅಂಚಿಗೆ ಸುತ್ತಿ, ಎಣ್ಣೆ ಸವರಿ, ಅದರ ಮೇಲಿಂದ ಸೀಲನ್ನು ಜಾರಿಸಿದೆ. ಎರಡು ದಿನ ಹೋಯಿತು, ಆದರೆ ಮತ್ತೆ ಸೋರಲಿಲ್ಲ.

ಹಿಂದಿನ ಶಾಕಪ್ಪುಗಳನ್ನು ಹಾಕುವುದು ಸುಲಭ, ಹೊಂದಿಸುವುದು ಕಷ್ಟ. ಗಾಲಿ ನೆಲ ಬಿಟ್ಟಾಗ ಒಂದು ಅಳತೆ, ಸವಾರ ಕುಳಿತಾಗ ಒಂದು ಅಳತೆ. ಎರಡರ ನಡುವೆ ಗಾಡಿ ಎಷ್ಟು ಕುಸಿಯಿತು ಎಂದು ನೋಡಬೇಕು. ಒಟ್ಟು ಏರಿಳಿತದಲ್ಲಿ ಮೂರನೆಯ ಒಂದು ಪಾಲು ಕುಸಿದರೆ ಸರಿ. ಆಗ ಗಾಲಿಗೆ ತಗ್ಗಿನಲ್ಲಿ ಇಳಿಯಲೂ ಜಾಗ, ದಿಬ್ಬದಲ್ಲಿ ಏರಲೂ ಜಾಗ ಇರುತ್ತದೆ. ಹಳೆಯ ಐದನೆಯ ಮೆಟ್ಟಿಲಿನಲ್ಲಿ ನನ್ನ ಗಾಡಿ ಕಾಲು ಇಂಚೂ ಕುಸಿಯುತ್ತಿರಲಿಲ್ಲ. ಈಗ ಒಂದು ಇಂಚಿನ ಮೇಲೆ ಸ್ವಲ್ಪ ಬೇಕಿತ್ತು. ಅಳೆಯಲು ಹೆಂಡತಿಯನ್ನು ಕರೆದೆ. ಅವಳು ಟೇಲರ್. ಕೊರಳಲ್ಲಿ ಟೇಪು, ಕೈಯಲ್ಲಿ ಸೀಮೆಸುಣ್ಣ ಹಿಡಿದೇ ಬಂದಳು. ಸೀಟಿನ ಕೆಳಗೆ ಒಂದು ಗುರುತು ಹಾಕಿ, ಅಲ್ಲಿಂದ ಗಾಲಿಯ ಅಚ್ಚಿನ ತನಕ ಟೇಪು ಹಿಡಿದಳು.

ನಾನು ನೆಟ್ಟಗೆ, ಫೋಟೋಗೆ ಕುಳಿತವನಂತೆ ಕುಳಿತೆ.

“ಹಂಗ್ಯಾಕ್ ಕುಂತೀರಿ?” ಎಂದಳು. “ಜಂಪರ್ ಅಳತಿ ಕೊಡಾಕ ಬಂದವ್ರೂ ಹಿಂಗ ಮಾಡ್ತಾರ. ಹೊಟ್ಟಿ ಒಳಗ ಜಗ್ಗಿ ನಿಂದರ್ತಾರ, ಆಮ್ಯಾಲ ಬಿಗಿ ಆತು ಅಂತಾರ. ದಿನಾ ಹೆಂಗ ಹೋಗ್ತೀರಿ ಹಂಗ ಕುಂದರ್ರಿ. ಆ ಚೀಲ ಹಾಕ್ಕೋರಿ. ಬೂಟು ಹಾಕ್ಕೋರಿ.”

ಚೀಲ, ಬೂಟು, ಬೆನ್ನ ಬಾಗು, ಎಲ್ಲದರ ಜೊತೆ ಅಳೆದಾಗ ಎರಡನೆಯ ಮೆಟ್ಟಿಲು ಸರಿಯಾಗಿ ಬಂತು. ಇನ್ನು ಉಳಿದದ್ದು ಕೆಳಗಿನ ತಿರುಗಣಿ. ಒತ್ತಿದ ಸ್ಪ್ರಿಂಗು ಎಷ್ಟು ಬೇಗ ಮೇಲೆ ಬರಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ನಿಧಾನ ಎಂದರೆ ನಯ ಎಂದುಕೊಂಡು ಅದನ್ನು ಪೂರ್ತಿ ನಿಧಾನಕ್ಕೆ ತಿರುವಿದೆ. ಕಾಲುವೆ ದಂಡೆಗೆ ಹೋದೆ. ಮೊದಲ ಗಾಲಿಜಾಡು ರೇಷ್ಮೆ. ಎರಡನೆಯದೂ ಪರವಾಗಿಲ್ಲ. ಐದನೆಯದಕ್ಕೆ ಢಬ್ ಎಂದು ತಳ ಬಡಿಯಿತು. ಒಮ್ಮೆ ಕುಸಿದದ್ದು ಮೇಲೆ ಬರುವ ಮೊದಲೇ ಮುಂದಿನ ತಗ್ಗು ಬರುತ್ತಿತ್ತು. ಹೀಗೆ ಕುಸಿಯುತ್ತ ಕುಸಿಯುತ್ತ ಕೊನೆಗೆ ಜಾಗವೇ ಉಳಿಯುತ್ತಿರಲಿಲ್ಲ. ಅಲ್ಲೇ ದಂಡೆಯ ಮೇಲೆ ಕೂತು ಒಂದೊಂದೇ ಕ್ಲಿಕ್ ಬಿಡಿಸುತ್ತ, ಅದೇ ಐದು ತಗ್ಗುಗಳ ಮೇಲೆ ಹೋಗಿ ಬರುತ್ತ ಮಧ್ಯಾಹ್ನ ಕಳೆದೆ. ನಾಲ್ಕನೆಯ ಕ್ಲಿಕ್ಕಿಗೆ ಢಬ್ ನಿಂತಿತು. ಸಂಜೆ ಕಡ್ಡಿ ಇಳಿಸಿದರೆ ಮುಕ್ಕಾಲು ಬೆರಳು. ಎರಡರಿಂದ ಮುಕ್ಕಾಲು! ಅವತ್ತು ಊಟಕ್ಕೆ ಕುಳಿತಾಗ ಮನೆಯವರಿಗೆಲ್ಲ ಶಾಕಪ್ಪಿನ ಪಾಠ ಮಾಡಿದೆ. ಯಾರೂ ಕೇಳಲಿಲ್ಲ.

ಮರುದಿನ ಅದೇ ದಾರಿ, ಅದೇ ಗಾಡಿ, ಅದೇ ಮೆಟ್ಟಿಲು. ಸಂಜೆ ಕಡ್ಡಿ ತೋರಿಸಿದ್ದು ಎರಡು ಬೆರಳು.

ತಲೆ ಕೆಟ್ಟು ಹೋಯಿತು. ಹದಿನಾಲ್ಕನೆಯ ದಿನ ಅದು. ಮತ್ತೆ ಸೀಲು ನೋಡಿದೆ, ಬೋಲ್ಟು ನೋಡಿದೆ, ಕ್ಲಿಕ್ಕುಗಳನ್ನು ಎಣಿಸಿದೆ. ಎಲ್ಲ ಇದ್ದಂತೆಯೇ ಇದ್ದವು. ಹೆಂಡತಿ ಹೊಲಿಗೆ ಮಿಷನ್ನಿನಿಂದಲೇ ಕೇಳಿದಳು, “ಇವತ್ತ ಗಾಡಿ ಮ್ಯಾಲ ಯಾರ್ಯಾರು ಕುಂತಿದ್ರು?”

ನೆನಪು ಮಾಡಿಕೊಂಡೆ. ಹೋಗುವಾಗ ಸಗರದ ಕ್ರಾಸಿನ ತನಕ ನಿವೃತ್ತ ಮಾಸ್ತರರು. ಅಲ್ಲಿಂದ ಗೊಬ್ಬರದ ಚೀಲದ ಸಮೇತ ಒಬ್ಬ ರೈತ. ಬರುವಾಗ ಹುಣಸಗಿಯ ಬಸ್ಸು ತಪ್ಪಿದ ಗಂಡ ಹೆಂಡತಿ ಇಬ್ಬರೂ.

“ಅಳತಿ ಯಾರದು ತಗೊಂಡಿದ್ವಿ? ನಿಮ್ಮ ಒಬ್ಬರದು. ಒಬ್ಬರ ಅಳತಿಗಿ ಹೊಲಿದ ಜಂಪರ್ ಮೂರು ಮಂದಿ ಹಾಕ್ಕೊಂಡ್ರ ಹೊಲಿಗಿ ಬಿಚ್ಚೂದೇ ಮತ್ತ.”

ಅಷ್ಟು ಹೇಳಿ ಅವಳು ಮಿಷನ್ ತುಳಿಯತೊಡಗಿದಳು. ನಾನು ಕಡ್ಡಿ ಹಿಡಿದುಕೊಂಡೇ ನಿಂತಿದ್ದೆ. ನಮ್ಮವರು ಯಾಕೆ ಐದನೆಯ ಮೆಟ್ಟಿಲಿಗೆ ಏರಿಸುತ್ತಾರೆ ಎಂಬುದು ಆಗ ತಿಳಿಯಿತು. ಅದು ದಡ್ಡತನ ಅಲ್ಲವೇ ಅಲ್ಲ. ದಾರಿಯಲ್ಲಿ ಕೈ ಎತ್ತಿದವರನ್ನು ಕೂರಿಸಿಕೊಳ್ಳದೆ ಹೋಗುವವನನ್ನು ನಮ್ಮ ಕಡೆ ಮನುಷ್ಯ ಎನ್ನುವುದಿಲ್ಲ. ಯಾರು ಕೂರುತ್ತಾರೋ, ಎಷ್ಟು ಮಂದಿ ಕೂರುತ್ತಾರೋ ಗೊತ್ತಿಲ್ಲ. ಅದಕ್ಕೆ ಎಲ್ಲರ ಭಾರಕ್ಕೂ ಮೊದಲೇ ಬಿಗಿದಿಟ್ಟುಕೊಳ್ಳುತ್ತಾರೆ. ನನ್ನ ಗಾಡಿ ಮೆತ್ತಗೆ ಓಡಬೇಕಾದರೆ ಭಾರ ದಿನವೂ ಒಂದೇ ಇರಬೇಕು. ಅಂದರೆ ಯಾರನ್ನೂ ಕೂರಿಸಿಕೊಳ್ಳಬಾರದು. ಹೇಳುವುದು ಸುಲಭ. ಹುಟ್ಟಿದಾಗಿನಿಂದ ಇದೇ ದಾರಿಗಳಲ್ಲಿ ನಾನೂ ಕೈ ಎತ್ತಿ ಕಂಡವರ ಗಾಡಿ ಹತ್ತಿದವನು.

ಮರುದಿನ ಬಡಗಿಯ ಬಳಿ ಹೋಗಿ ಕ್ಯಾನಿಗೆ ತಕ್ಕ ಪೆಟ್ಟಿಗೆ ಮಾಡಿಸಿದೆ. ಒಳಗೆ ಹೆಂಡತಿ ಹಳೆಯ ಕೌದಿಯನ್ನು ಮಡಿಚಿ ಮೆತ್ತೆ ಹೊಲಿದು ಕೊಟ್ಟಳು. ಕ್ಯಾರಿಯರ್ ತೆಗೆದು ಹಾಕಿ, ಪೆಟ್ಟಿಗೆಯನ್ನು ನನ್ನ ಬೆನ್ನಿಗೆ ಹತ್ತುವಂತೆ ಹಿಂದಿನ ಸೀಟಿನ ಮೇಲೇ ಬೋಲ್ಟು ಹಾಕಿ ಕೂರಿಸಿದೆ. ಅಲ್ಲಿ ಒದೆತ ಕಡಿಮೆ. ಬೇರೆಯವರಿಗೆ ಜಾಗವೂ ಇಲ್ಲ. ಪೆಟ್ಟಿಗೆ, ಕ್ಯಾನು, ನಾನು ಕೂಡಿ ಮತ್ತೆ ಅಳೆಸಿಕೊಂಡೆವು. ಟೇಪು ಒಂದು ಇಂಚಿನ ಮೇಲೆ ಸ್ವಲ್ಪಕ್ಕೆ ಬಂದು ನಿಂತಿತು. ಸಂಜೆ ಕಡ್ಡಿಯ ಮೇಲೆ ಅರ್ಧ ಬೆರಳು, ಥೇಟ್ ಡಾಂಬರು ರಸ್ತೆಯ ಅಳತೆ.

ಆದರೆ ಆ ಐದಾರು ದಿನ ನಾನು ಅನುಭವಿಸಿದ್ದು ನನಗೇ ಗೊತ್ತು. ಮಾಸ್ತರರು ಕೈ ಎತ್ತಿದರು, ನಾನು ತಲೆ ಬಗ್ಗಿಸಿ ಹೋದೆ. ಮರುದಿನ ಕ್ರಾಸಿನ ಚಹಾ ಅಂಗಡಿಯಲ್ಲಿ ನನಗೆ ಕೇಳುವ ಹಾಗೆಯೇ ಹೇಳಿದರು, “ಡಾಕ್ಟ್ರು ಈಗ ದೊಡ್ಡವ್ರಾಗ್ಯಾರ. ಹಿಂದಿನ ಸೀಟಿಗಿ ಬೀಗ ಹಾಕ್ಯಾರ.” ಅಂಗಡಿಯವರು ನಕ್ಕರು. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಅವರೊಬ್ಬರೇ ಅಲ್ಲವೇ, ಮೂರು ಕಿಲೋಮೀಟರ್ ಅಲ್ಲವೇ ಎಂದು ಮನಸ್ಸು ಹೇಳುತ್ತಿತ್ತು. ಒಬ್ಬರನ್ನು ಕೂರಿಸಿಕೊಂಡರೆ ಇನ್ನೊಬ್ಬರಿಗೆ ಏನು ಹೇಳುವುದು?

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಎಮ್ಮೆಯ ಒಡತಿಯ ಫೋನು ಬಂತು. “ಡಾಕ್ಟ್ರ, ನಿನ್ನಿ ಸಂಜಿಲಿಂದ ಒದರಾಕತ್ತದ. ನಾ ಹಿಂಡಿ ತಗೋಳಾಕ ಶಹಾಪುರಕ್ಕ ಬಂದೀನಿ. ಸಗರದ ರಸ್ತಾಕ್ಕ ನಿಂತಿರ್ತೀನಿ, ಕೂಡಿ ಹೋಗೂಣು.” ನಾನು ಏನಾದರೂ ಹೇಳುವ ಮೊದಲೇ ಇಟ್ಟುಬಿಟ್ಟಳು.

ಹೋದರೆ, ಹಿಂಡಿಯ ಚೀಲ ಕಾಲ ಬಳಿ ಇಟ್ಟುಕೊಂಡು, ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಗಾಡಿ ನಿಲ್ಲಿಸಿದ್ದೇ ಚೀಲ ಎತ್ತಿದಳು. ಪೆಟ್ಟಿಗೆ ಕಂಡು, “ಇದನ್ನ ಸರಸ್ರಿ,” ಎಂದಳು.

“ಸರಿಯಂಗಿಲ್ರಿ ಯಕ್ಕಾ. ನೀವು ಟಂಟಂ ಹತ್ತಿ ಬರ್ರಿ.”

ಅವಳ ಮುಖ ಕೆಂಪಾಯಿತು. “ನನ್ನ ಎಮ್ಮಿಗೇ ಹೊಂಟೀರಿ. ನನ್ನ ರಸ್ತಾದಾಗ ಬಿಟ್ಟು ಹೋಗ್ತೀರಿ? ಹೆಂಗಸು, ಚೀಲ ಹೊತ್ತು ನಿಂತೀನಿ, ಕಣ್ಣಿಗಿ ಕಾಣಂಗಿಲ್ಲ?”

ಹತ್ತು ಜನ ನೋಡುತ್ತಿದ್ದರು. ನನ್ನ ಕಿವಿ ಬಿಸಿಯಾಯಿತು. ಹತ್ತಿರಿ ಎನ್ನಲು ಬಾಯಿ ತೆರೆದಿದ್ದೆ ಕೂಡ. ಹೊರಗೆ ಬಂದದ್ದು ಬೇರೆ ಮಾತು.

“ಈ ಸೀಟಿನ ಮ್ಯಾಲ ನಿಮ್ಮ ಎಮ್ಮಿ ಕರ ಕುಂತದರಿ ಯಕ್ಕಾ. ನೀವು ಹತ್ತಿದ್ರ ಅದು ಇಳೀಬೇಕಾಗ್ತದ.”

ಅವಳು ಪೆಟ್ಟಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. ಚೀಲ ಹೊತ್ತುಕೊಂಡೇ ಟಂಟಂ ಆಟೋದ ಕಡೆಗೆ ನಡೆದಳು. ಆ ಬೆನ್ನಿನಲ್ಲಿ ಸಿಟ್ಟಿತ್ತೋ ಒಪ್ಪಿಗೆಯಿತ್ತೋ ನನಗೆ ತಿಳಿಯಲಿಲ್ಲ.

ಅವಳ ಕೊಟ್ಟಿಗೆಯ ಮುಂದೆ ಅರ್ಧ ಗಂಟೆ ಕಾದೆ. ಬಂದಳು. ಅವಳ ಎದುರಿಗೇ ಕ್ಯಾನು ತೆಗೆದು ಕಡ್ಡಿ ಇಳಿಸಿ, ಹತ್ತು ಎಣಿಸಿ, ಹೊರಗೆ ಬೀಸಿದೆ. ಹಿಮದ ಗೆರೆ ಬೆಳ್ಳಗೆ, ನಳಿಗೆಗಳ ತಲೆಗಿಂತ ಎಷ್ಟೋ ಮೇಲೆ ನಿಂತಿತ್ತು. ಅವಳು ಬೆರಳಿನಿಂದ ಮುಟ್ಟಲು ಬಂದಳು. “ಸುಟ್ಟಂಗ ಆಗ್ತದ, ಮುಟ್ಟಬ್ಯಾಡ್ರಿ,” ಎಂದೆ.

“ಅದಾವೇನು ಜೀವಂತ?”

“ಅದಾವ್ರಿ.”

ಥರ್ಮಾಸಿನ ಬಿಸಿನೀರಿಗೆ ತಣ್ಣೀರು ಬೆರೆಸಿ, ಮೈಯಷ್ಟು ಬೆಚ್ಚಗಾದ ಮೇಲೆ ನಳಿಗೆಯನ್ನು ಅದರಲ್ಲಿ ಅರ್ಧ ನಿಮಿಷ ಇಟ್ಟೆ. ಒರೆಸಿ, ಗನ್ನಿಗೆ ಹಾಕಿ, ತುದಿ ಕತ್ತರಿಸಿ, ಪ್ಲಾಸ್ಟಿಕ್ ಕೊಳವೆ ತೊಡಿಸಿದೆ. ಇಂಥದ್ದೇ ಕೊಳವೆ ಫೋರ್ಕಿನ ಎಣ್ಣೆ ಅಳೆದಿತ್ತು. ಎಮ್ಮೆಯ ಬಾಲ ಸರಿಸಿ ಸೂಜಿ ಹಾಕಿದೆ.

ಮುಂದಿನ ಇಪ್ಪತ್ತೊಂದು ದಿನಕ್ಕೆ ಎಮ್ಮೆ ಒದರಲಿಲ್ಲ. ನಾನು ಹಿಗ್ಗಲಿಲ್ಲ. ಎಮ್ಮೆಗಳು ಎಷ್ಟೋ ಸಲ ಸದ್ದಿಲ್ಲದೆ ಬೆದೆಗೆ ಬಂದು ಹೋಗುತ್ತವೆ. ಮೂರು ತಿಂಗಳು ತುಂಬಿದ ಮೇಲೆ ಕೈಗೆ ಉದ್ದನೆಯ ಗವಸು ಹಾಕಿ ಪರೀಕ್ಷೆಗೆ ನಿಂತೆ. ಅವಳು ಎಮ್ಮೆಯ ಕೊಂಬು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ಒಳಗೆ ಬೆರಳುಗಳು ಮೆಲ್ಲಗೆ ಹುಡುಕಿದವು. ನೀರು ತುಂಬಿದ ಚೀಲದಂಥದ್ದು ಸಿಕ್ಕಿತು. ಒತ್ತಿದರೆ ಹಿಂದಕ್ಕೆ ಸರಿದು, ಮತ್ತೆ ಮೆಲ್ಲಗೆ ಬಂದು ಬೆರಳಿಗೆ ತಾಗುವ ಪುಟ್ಟದೊಂದು ಜೀವ.

“ಗಬ್ಬ ನಿಂತದ,” ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು.

ಅವಳು ಎಮ್ಮೆಯ ಹಣೆಗೆ ಹಣೆ ಹಚ್ಚಿ ನಿಂತಳು. ಆಮೇಲೆ ಕೈ ತೊಳೆಯಲು ಬಿಸಿನೀರು, ಸೋಪು ತಂದಿಟ್ಟಳು, ಹೊಸ ಟವೆಲ್ ಕೊಟ್ಟಳು. ಹೆಮ್ಮೆ ಅಂದರೆ ಹೆಮ್ಮೆ. ಸುಳ್ಳು ವಿನಯ ನನಗೆ ಬರುವುದಿಲ್ಲ. ಅವತ್ತು ಆ ಕೊಟ್ಟಿಗೆಯಲ್ಲಿ ಕೈ ತೊಳೆದುಕೊಳ್ಳುವಾಗ ನನ್ನಷ್ಟು ದೊಡ್ಡ ಮನುಷ್ಯ ಶಹಾಪುರ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ ಅನ್ನಿಸಿತ್ತು.

ಕೈ ಒರೆಸಿಕೊಂಡು ನಾನು ಓಣಿಯ ಇನ್ನೆರಡು ಮನೆಗಳ ದನ ನೋಡಲು ಹೋದೆ. ಕೆಲಸ ಮುಗಿಸಿ ಹೊರಟಾಗ ಕ್ರಾಸಿನಲ್ಲಿ ಟಂಟಂ ಕಾಯುವವರ ಸಾಲಿನಲ್ಲಿ ಅವಳೂ ನಿಂತಿದ್ದಳು, ಕೈಯಲ್ಲಿ ಖಾಲಿ ಹಿಂಡಿ ಚೀಲ. ಪಕ್ಕದಲ್ಲಿ ಮಾಸ್ತರರು. ನನ್ನ ಗಾಡಿ ಕಂಡದ್ದೇ ಅವರು ಎಂದಿನಂತೆ ಕೈ ಎತ್ತಿದರು. ನಾನು ಎಂದಿನಂತೆ ತಲೆ ಬಗ್ಗಿಸಿದೆ. ಅಷ್ಟರಲ್ಲಿ ಅವಳ ದನಿ ಕೇಳಿತು, ಚಹಾ ಅಂಗಡಿಯ ತನಕ ಮುಟ್ಟುವ ಹಾಗೆ:

“ಕೈ ಇಳಸ್ರಿ ಮಾಸ್ತರ! ಆ ಸೀಟಿನ ಮ್ಯಾಲ ಯಾರದಾದ್ರೂ ಎಮ್ಮಿ ಕರ ಕುಂತಿರ್ತದ.”

ಮಾಸ್ತರರು ಕೈ ಇಳಿಸಿದರು. ನಾನು ತಲೆ ಎತ್ತಿ, ಗಾಡಿ ನಿಲ್ಲಿಸದೆ ಅವರ ಮುಂದೆಯೇ ಹಾದುಹೋದೆ.